ಉಬ್ಬಸದ ಮದ್ದು: ಹೊಗೆಯಿಂದ ತುಂತುರಿಗೆ

ಚಿಕ್ಕಮಗಳೂರಿನಿಂದ ಆಲ್ದೂರಿನತ್ತ ಸಾಗುವ ದಾರಿಯ ವಸ್ತಾರೆಯಂತಹ ಮಲೆಯೂರುಗಳಲ್ಲಿ, ಆಷಾಢದ ಮಳೆ ಹಿಡಿದು ಗೋಡೆಗಳು ಬೂಷ್ಟುಗಟ್ಟುವ ದಿನಗಳಲ್ಲಿ, ಗೂರಲು ರೋಗಿಗಳು ಇರುಳನ್ನು ಕುಳಿತೇ ಕಳೆಯುವುದು ಹೊಸತಲ್ಲ. ಆಯುರ್ವೇದವು ತಮಕಶ್ವಾಸವೆನ್ನುವ ಈ ರೋಗವು ಮೋಡ, ಶೀತ, ಮೂಡಣ ಗಾಳಿಗಳಿಂದ ಉಲ್ಬಣಿಸುವುದೆಂದು ಚರಕಸಂಹಿತೆಯೇ ಹೇಳಿದೆ; ನಮ್ಮ ಮಲೆಗೆ ಮಳೆ ತರುವುದು ಪಡುವಣ ಗಾಳಿಯೆಂಬುದನ್ನು ಚರಕಾಚಾರ್ಯರು ಅರಿತಿದ್ದರೆ ಅದನ್ನೂ ಸೇರಿಸುತ್ತಿದ್ದರೇನೋ.

ಉಮ್ಮತ್ತಿಯನ್ನು ಒಣಗಿಸಿ ಅದರ ಹೊಗೆಯನ್ನು ಸೇದುವುದು ಈ ದೇಶದ ಹಳೆಯ ಚಿಕಿತ್ಸೆ. ಶ್ರೀರಂಗಪಟ್ಟಣವು ಪತನಗೊಂಡ ಮೂರು ವರ್ಷಗಳ ತರುವಾಯ, 1802ರಲ್ಲಿ, ಮದರಾಸಿನಲ್ಲಿ ಕಂಪನಿಯ ಪ್ರಧಾನ ವೈದ್ಯನಾಗಿದ್ದ ಆಂಡರ್ಸನ್ನನಿಂದ ಇದನ್ನು ತಿಳಿದ ಜನರಲ್ ಜೆಂಟನು ಈ ಪದ್ಧತಿಯನ್ನು ಬ್ರಿಟನ್ನಿಗೆ ಒಯ್ದನು. ಶ್ವಾಸನಾಳವನ್ನು ಬಳಸಿರುವ ಸ್ನಾಯುವು ಕುಗ್ಗುವಂತೆ ನರಗಳು ಅಸಿಟೈಲ್‌ಕೋಲೀನಿನ ಮೂಲಕ ಕೊಡುವ ಆಜ್ಞೆಯನ್ನು ಆ ಹೊಗೆಯೊಳಗಿನ ಅಟ್ರೋಪೀನು ತಡೆಯುವುದು ನಿಜ; ಆದರೆ ಅದು ಮಿದುಳನ್ನೂ ಹೊಗುವುದರಿಂದ, ಪ್ರಮಾಣ ತಪ್ಪಿದವನಿಗೆ ಉಬ್ಬಸ ಹೋಗಿ ಉನ್ಮಾದ ಪ್ರಾಪ್ತವಾಗುತ್ತಿತ್ತು. 1970ರ ದಶಕದಲ್ಲಿ ಬಳಕೆಗೆ ಬಂದ ಇಪ್ರಟ್ರೋಪಿಯಂ ಆ ಅಟ್ರೋಪೀನಿನದೇ ಸಂತತಿಯಾದರೂ, ರಸಾಯನಜ್ಞರು ಅಣುವನ್ನು ತಿದ್ದಿದ ರೀತಿಯಿಂದಾಗಿ ಮಿದುಳಿಗೆ ಸುಲಭವಾಗಿ ದಾಟಲಾರದು.

ಬಾಬಾಬುಡನ್ ಸಂತರು ಅರಬ್ಬರ ನಾಡಿನಿಂದ ಏಳು ಬೀಜ ತಂದರೆಂದು ಐತಿಹ್ಯವಿರುವ ಕಾಫಿಗೂ ಈ ಚರಿತ್ರೆಯಲ್ಲಿ ಪಾಲುಂಟು. ಸ್ವತಃ ಉಬ್ಬಸದಿಂದ ನರಳುತ್ತಿದ್ದ ಲಂಡನ್ನಿನ ವೈದ್ಯ ಹೈಡ್ ಸಾಲ್ಟರನು, ಹಾಲು ಸಕ್ಕರೆಗಳಿಲ್ಲದ ಕಡುಕಾಫಿಯನ್ನು ಬರಿಹೊಟ್ಟೆಯಲ್ಲಿ ಕುಡಿಯುವುದು ಅತ್ಯುತ್ತಮ ಉಪಶಮನಗಳಲ್ಲೊಂದೆಂದು 1860ರ ತನ್ನ ಗ್ರಂಥದಲ್ಲಿ ಸಾರಿದನು. ಕೆಫೀನು ಶ್ವಾಸನಾಳವನ್ನು ಅಲ್ಪವಾಗಿ, ಕೆಲವು ಗಂಟೆಗಳ ಮಟ್ಟಿಗೆ, ಸಡಿಲಿಸುವುದು. 1888ರಲ್ಲಿ ಚಹದ ಎಲೆಯಿಂದ ಬೇರ್ಪಡಿಸಲ್ಪಟ್ಟ ಅದರ ದಾಯಾದಿ ಥಿಯೋಫಿಲಿನ್ ಬಹುಕಾಲ ಮಾತ್ರೆಯಾಗಿ ಸಂದಿತು.

ಅಳತೆಯ ತುಂತುರನ್ನು ಚಿಮ್ಮುವ ಇನ್‌ಹೇಲರು ಅಮೆರಿಕದಲ್ಲಿ ಬಂದುದು 1956ರಲ್ಲಿ, ಸಾಲ್ಬುಟಮಾಲ್ ಎಂಬ ಮದ್ದು ಬ್ರಿಟನ್ನಿನಲ್ಲಿ ಬಂದುದು 1969ರಲ್ಲಿ. ಹಿಂದೆ ಉಬ್ಬಸಕ್ಕೆ ಕೊಡುತ್ತಿದ್ದ ಅಡ್ರಿನಲೀನು ಹೃದಯವನ್ನೂ ಓಡಿಸುತ್ತಿದ್ದರೆ, ಸಾಲ್ಬುಟಮಾಲ್ ಬಹುಮಟ್ಟಿಗೆ ಶ್ವಾಸಸ್ನಾಯುವಿನ ಬೀಟಾ-2 ಗ್ರಾಹಕಗಳನ್ನೇ ಅರಸಿ ಹಿಡಿದು, ಕೆಲವೇ ನಿಮಿಷಗಳಲ್ಲಿ ಬಿಗಿತವನ್ನು ಬಿಡಿಸುವುದು. ನೇರವಾಗಿ ನಾಳಕ್ಕೇ ಸೇರುವುದರಿಂದ, ಮಾತ್ರೆಗೆ 2 ಅಥವಾ 4 ಮಿಲಿಗ್ರಾಂ ಬೇಕಾದಲ್ಲಿ ಇಲ್ಲಿ ಒಂದು ಚಿಮ್ಮಿಗೆ 100 ಮೈಕ್ರೋಗ್ರಾಂ ಸಾಕು.

ವಿಚಿತ್ರವೆಂದರೆ, ಕಷಾಯವಾಗಿ ಉಸಿರನ್ನು ಬಿಡಿಸುವ ಅದೇ ಕಾಫಿಯ ಹಸಿಬೀಜದ ಧೂಳು, ಕ್ಯೂರಿಂಗ್ ಕಾರ್ಖಾನೆಗಳಲ್ಲಿ ದುಡಿಯುವ ಕೆಲವರಿಗೆ ಉಬ್ಬಸವನ್ನೇ ತರಬಲ್ಲದು. ಅಂಥವರಿಗೆ ನಾಳದೊಳಗಿನ ಊತವನ್ನು ಇಳಿಸುವ ಸ್ಟೀರಾಯ್ಡ್ ತುಂತುರೂ ಬೇಕು. ಏಕೆಂದರೆ ಸ್ನಾಯುವನ್ನು ಸಡಿಲಿಸುವುದಷ್ಟೇ ಸಾಲ್ಬುಟಮಾಲಿನ ಕೆಲಸ.