ಹಣತೆಯಿಂದ ಸೌರಫಲಕದವರೆಗೆ: ಮನೆಬೆಳಕಿನ ಮೂಲ ಮತ್ತು ಜನಪದರ ನುಡಿ

ಕರ್ನಾಟಕದ ವಿದ್ಯುತ್ತಿನ ಚರಿತ್ರೆಯು ಬಹುಮಟ್ಟಿಗೆ ಅಣೆಕಟ್ಟು, ವಿದ್ಯುದಾಗಾರ, ತಂತಿಮಾರ್ಗಗಳ ಚರಿತ್ರೆಯಾಗಿಯೇ ರಚಿತವಾಗಿದೆ. ಆ ಬೆಳಕು ಬಂದು ಸೇರಿದ ಮನೆ, ಅದನ್ನು ಕುರಿತು ಮನೆಮಂದಿ ಆಡಿದ ಮಾತು ಚರಿತ್ರೆಯ ಆಕರಗಳೆಂದು ಪರಿಗಣಿತವಾದದ್ದು ಕಡಿಮೆ. ಮನೆಬೆಳಕಿನ ಮೂಲವು ಮನೆಯಿಂದ ದೂರ ಸರಿದ ಬಗೆಯನ್ನೂ, ಇತ್ತೀಚಿನ ದಶಕಗಳಲ್ಲಿ ಅದು ಭಾಗಶಃ ಹಿಂದಿರುಗುತ್ತಿರುವ ಬಗೆಯನ್ನೂ ಜನಬಳಕೆಯ ನುಡಿಯ ಹಿನ್ನೆಲೆಯಲ್ಲಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಹಣತೆಯ ಕಾಲದಲ್ಲಿ ಬೆಳಕಿನ ಮೂಲ ಊರಿನ ಎಲ್ಲೆಯೊಳಗೇ ಇತ್ತು. ಹೊಲದ ಬದುವಿನ ಹರಳು, ಹೊಂಗೆಯ ಬೀಜ, ಗಾಣದ ಎಣ್ಣೆ, ಕುಂಬಾರನ ಹಣತೆ, ಹಳೆಯ ಬಟ್ಟೆಯ ಬತ್ತಿ ಇವಿಷ್ಟೂ ಮನೆಯವರು ಕಂಡು ಬಲ್ಲ ವಸ್ತುಗಳು. ದೀಪ ಆರಿತೆಂದು ಹೇಳುವುದು ಅಮಂಗಲವೆಂದು ಜನಪದರು ‘ದೀಪ ದೊಡ್ಡದು ಮಾಡು’ ಎಂದರು. ಹಚ್ಚುವವರೂ ದೊಡ್ಡದು ಮಾಡುವವರೂ ಮನೆಯವರೇ. ಈ ನುಡಿಯಲ್ಲಿ ಬೆಳಕಿನ ಯಜಮಾನಿಕೆ ಮನೆಗೆ ಸೇರಿದೆ. ಆನಂತರ ಬಂದ ಬುಡ್ಡಿ, ಲಾಂದ್ರಗಳು ಬೇರೊಂದು ಎಣ್ಣೆಯನ್ನು ಬೇಡಿದವು. ‘ಸೀಮೆಎಣ್ಣೆ’ ಎಂಬ ಹೆಸರೇ ಅದು ಪರದೇಶದಿಂದ ಬಂದುದೆಂದು ಸಾರುತ್ತದೆ. ಬೆಳಕಿನ ಮೂಲ ಊರಿನ ಗಡಿ ದಾಟಿದ ಮೊದಲ ಗುರುತು ಈ ಪದದಲ್ಲಿದೆ.

ವಿದ್ಯುತ್ತು ಈ ದೂರವನ್ನು ಇನ್ನಷ್ಟು ಹಿಗ್ಗಿಸಿತು. ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಕೈಗೊಂಡ ಶಿವನಸಮುದ್ರದ ವಿದ್ಯುದಾಗಾರ 1902ರಲ್ಲಿ ಕೆಲಸ ಆರಂಭಿಸಿತು. ಕಾವೇರಿಯ ಧುಮುಕಿನಲ್ಲಿ ಹುಟ್ಟಿದ ಶಕ್ತಿ ಮೊದಲು ಹೋದದ್ದು ಯಾವ ಮನೆಗೂ ಅಲ್ಲ, ಸುಮಾರು 147 ಕಿ.ಮೀ. ದೂರದ ಕೋಲಾರ ಚಿನ್ನದ ಗಣಿಗಳಿಗೆ. 1905ರ ಆಗಸ್ಟ್‌ನಲ್ಲಿ ಬೆಂಗಳೂರಿನ ಬೀದಿದೀಪಗಳು ಬೆಳಗಿದವು. 1908ರಲ್ಲಿ ಮೈಸೂರು ನಗರಕ್ಕೆ ವಿದ್ಯುತ್ ಬಂತು. 1911ರಲ್ಲಿ ಆರಂಭವಾದ ಕನ್ನಂಬಾಡಿ ಕಟ್ಟೆಯ ಉದ್ದೇಶಗಳಲ್ಲಿ ಒಂದು, ಶಿವನಸಮುದ್ರದ ಯಂತ್ರಗಳಿಗೆ ವರ್ಷವಿಡೀ ನೀರು ಒದಗಿಸುವುದೇ ಆಗಿತ್ತು. ಗಣಿ, ಬೀದಿ, ನಗರ, ಕಟ್ಟಕಡೆಗೆ ಹಳ್ಳಿಯ ಮನೆ ಎಂಬ ಈ ಕ್ರಮ ಆಕಸ್ಮಿಕವಲ್ಲ. ವಿದ್ಯುತ್ತನ್ನು ಮೊದಲಿಗೆ ಉದ್ಯಮದ ಬಲವೆಂದು ಭಾವಿಸಲಾಗಿತ್ತು. ಮನೆಬೆಳಕು ಅದರ ಉಪಫಲವಾಗಿ ಬಂದಿತು.

ಈ ಕ್ರಮದ ಬೆಲೆಯನ್ನು ತೆತ್ತವರ ಚರಿತ್ರೆ ಶರಾವತಿ ಕಣಿವೆಯಲ್ಲಿದೆ. ಹಿರೇಭಾಸ್ಕರ ಅಣೆಕಟ್ಟಿನ ನೀರನ್ನು ಆಧರಿಸಿ ಜೋಗದಲ್ಲಿ 1948ರಲ್ಲಿ ವಿದ್ಯುದಾಗಾರ ಲೋಕಾರ್ಪಣೆಯಾಯಿತು. 1964ರಲ್ಲಿ ಲಿಂಗನಮಕ್ಕಿ ಕಟ್ಟೆ ಎದ್ದಾಗ ಆ ಹಳೆಯ ಅಣೆಕಟ್ಟೇ ಹಿನ್ನೀರಿನಲ್ಲಿ ಮುಳುಗಿತು. ಅದರೊಂದಿಗೆ ಗದ್ದೆ, ತೋಟ, ಗುಡಿ, ಮನೆಗಳೂ ಮುಳುಗಿದವು. ಶರಾವತಿಯ ವಿದ್ಯುದಾಗಾರ 1,035 ಮೆಗಾವಾಟ್ ಸಾಮರ್ಥ್ಯಕ್ಕೆ ಬೆಳೆದು ದಶಕಗಳ ಕಾಲ ನಾಡನ್ನು ಬೆಳಗಿತು. ಹಿನ್ನೀರಿನ ಅಂಚಿನ ಹಲವು ಹಳ್ಳಿಗಳಾದರೋ ಬಹುಕಾಲ ಬುಡ್ಡಿದೀಪದಲ್ಲೇ ಉಳಿದವು. ಸಂತ್ರಸ್ತರ ಪುನರ್ವಸತಿಗೆ ಬಿಟ್ಟುಕೊಟ್ಟ ಅರಣ್ಯಭೂಮಿಯ ಹಕ್ಕಿನ ಪ್ರಶ್ನೆ ಆರು ದಶಕಗಳ ನಂತರವೂ ಪೂರ್ತಿಯಾಗಿ ಬಗೆಹರಿದಿಲ್ಲ. ನಾ. ಡಿಸೋಜ ಅವರ ‘ಮುಳುಗಡೆ’, ‘ದ್ವೀಪ’ ಕಾದಂಬರಿಗಳು ಹುಟ್ಟಿದ್ದು ಈ ನೆಲದ ಅನುಭವದಿಂದಲೇ.

ಇದೇ ಸೀಮೆಯಲ್ಲಿ ಬೆಳಕಿನ ಹಂಚಿಕೆಯ ಮತ್ತೊಂದು ಪರಂಪರೆಯೂ ಇರುವುದು ಗಮನಾರ್ಹ. ದೀಪಾವಳಿಯ ಇರುಳುಗಳಲ್ಲಿ ಅಂಟಿಗೆ-ಪಂಟಿಗೆಯ ತಂಡದವರು ಊರದೇವರ ಸನ್ನಿಧಿಯಲ್ಲಿ ಹೊತ್ತಿಸಿಕೊಂಡ ಜ್ಯೋತಿಯನ್ನು ಹಾಡುತ್ತಾ ಮನೆಮನೆಗೆ ಒಯ್ಯುತ್ತಾರೆ. ಮನೆಯವರು ಆ ಜ್ಯೋತಿಯಿಂದ ತಮ್ಮ ದೀಪ ಹಚ್ಚಿಕೊಂಡು, ಅದಕ್ಕೆ ತಮ್ಮ ಪಾಲಿನ ಎಣ್ಣೆ ಎರೆಯುತ್ತಾರೆ. ಇಲ್ಲಿ ಬೆಳಕಿನ ಮೂಲ ಎಲ್ಲರಿಗೂ ಗೊತ್ತು. ಪಡೆದವರು ಕೊಡುವವರೂ ಹೌದು. ಜಲಾಶಯದಿಂದ ಹೊರಟ ತಂತಿಗೆ ಇಂತಹ ಹಿಂದಿರುಗುವ ದಾರಿ ಇರಲಿಲ್ಲ.

ವಿದ್ಯುತ್ತನ್ನು ಕುರಿತ ದಿನಬಳಕೆಯ ಮಾತನ್ನು ಹಣತೆಯ ಮಾತಿನೊಡನೆ ಹೋಲಿಸಿದರೆ ಈ ಬದಲಾವಣೆ ಸ್ಪಷ್ಟವಾಗುತ್ತದೆ. ‘ಕರೆಂಟು ಬಂತು’, ‘ಕರೆಂಟು ಹೋಯಿತು’ ಎನ್ನುವಾಗ ಬೆಳಕು ತನ್ನಿಚ್ಛೆಯಂತೆ ಬಂದು ಹೋಗುವ ಅತಿಥಿ. ‘ಕರೆಂಟು ತೆಗೆದರು’, ‘ತ್ರೀಫೇಸ್ ಕೊಟ್ಟರು’ ಎನ್ನುವಾಗ ಕ್ರಿಯೆಯ ಕರ್ತೃ ಕಾಣದ ‘ಅವರು’. ಈ ‘ಅವರು’ ಯಾರು, ಎಲ್ಲಿಂದ ಕೊಟ್ಟರು ಎಂಬುದು ವಾಕ್ಯದಲ್ಲಿ ಇಲ್ಲ. ನೀರಿನಿಂದಲೋ, 1985ರಿಂದ ಉತ್ಪಾದನೆ ಆರಂಭಿಸಿದ ರಾಯಚೂರಿನ ಕಲ್ಲಿದ್ದಲ ಸ್ಥಾವರದಿಂದಲೋ, 2000ದಲ್ಲಿ ಕಾರ್ಯಾರಂಭ ಮಾಡಿದ ಕೈಗಾದ ಅಣುಸ್ಥಾವರದಿಂದಲೋ, ಗುಂಡಿ ಒತ್ತುವವರಿಗೆ ಎಲ್ಲವೂ ಒಂದೇ. ಮೂಲದ ಮರೆವು ಸುಲಭವಾದಂತೆ ಮೂಲದಲ್ಲಿ ನೆಲೆ ಕಳೆದುಕೊಂಡವರ ಮರೆವೂ ಸುಲಭವಾಯಿತು.

ಮೂಲವನ್ನು ಮತ್ತೆ ಮನೆಯ ಹತ್ತಿರಕ್ಕೆ ತರುವ ಯತ್ನಗಳು ಮೊದಲಾದದ್ದು ತಂತಿ ತಲುಪದ ಎಡೆಗಳಲ್ಲಿ. ಪಶ್ಚಿಮಘಟ್ಟದ ತೋಟದ ಮನೆಗಳವರು ಹಳ್ಳದ ನೀರನ್ನು ಎತ್ತರದಿಂದ ಪೈಪಿನಲ್ಲಿ ಇಳಿಸಿ ಪುಟ್ಟ ಟರ್ಬೈನ್ ತಿರುಗಿಸಿದರು. ಹಳ್ಳ ಬತ್ತಿದರೆ ಬೆಳಕೂ ಇಲ್ಲವೆಂಬ ಅರಿವಿನಿಂದ ಬಳಕೆ ಋತುಮಾನಕ್ಕೆ ಹೊಂದಿಕೊಂಡಿತು. 1995ರಲ್ಲಿ ಆರಂಭವಾದ ಸೆಲ್ಕೋ ಸಂಸ್ಥೆ ಗ್ರಾಮೀಣ ಬ್ಯಾಂಕುಗಳ ಸಾಲದ ನೆರವಿನಿಂದ ಸೌರದೀಪಗಳನ್ನು ಬಡವರ ಮನೆಗೆ ತಲುಪಿಸಿತು. ಅದರ ಸಂಸ್ಥಾಪಕರಲ್ಲೊಬ್ಬರಾದ ಹರೀಶ್ ಹಂದೆ ಅವರಿಗೆ 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಸಂದಿತು.

ಆದರೆ ಸೂರ್ಯನ ಶಕ್ತಿಯೆಂದ ಮಾತ್ರಕ್ಕೆ ಅದು ಮನೆಯದಾಗುವುದಿಲ್ಲ. ತುಮಕೂರು ಜಿಲ್ಲೆಯ ಪಾವಗಡದಲ್ಲಿ ಸುಮಾರು 13,000 ಎಕರೆಯಲ್ಲಿ ಹರಡಿರುವ 2,050 ಮೆಗಾವಾಟ್ ಸೌರ ಉದ್ಯಾನವೇ ಇದಕ್ಕೆ ನಿದರ್ಶನ. ಶರಾವತಿಗೆ ಹೋಲಿಸಿದರೆ ಇಲ್ಲಿನ ವ್ಯವಸ್ಥೆ ಒಂದು ಹೆಜ್ಜೆ ಮುಂದಿದೆ. ಭೂಮಿಯನ್ನು ಸ್ವಾಧೀನಪಡಿಸಿಕೊಳ್ಳದೆ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಆರಂಭವಾದ ಗುತ್ತಿಗೆಗೆ ಪಡೆಯಲಾಯಿತು. ಒಡೆತನ ರೈತರಲ್ಲೇ ಉಳಿಯಿತು. ಗುತ್ತಿಗೆಯ ಹಣವಾದರೋ ಭೂಮಿಯುಳ್ಳವರಿಗೆ ಮಾತ್ರ. ಅದೇ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದವರಿಗೆ, ಕುರಿ ಮೇಯಿಸುತ್ತಿದ್ದವರಿಗೆ ಆ ನೆಲ ಇಲ್ಲವಾಯಿತು. ಬೆಳಕಿನ ಬೆಲೆ ತೆರುವವರು ಬದಲಾಗಿದ್ದಾರೆಯೇ ಹೊರತು ಇಲ್ಲವಾಗಿಲ್ಲ.

ಮನೆಯ ಮಾಳಿಗೆಯ ಸೌರಫಲಕ ಈ ಚರಿತ್ರೆಯಲ್ಲಿ ವಿಶಿಷ್ಟವಾಗುವುದು ಈ ಕಾರಣಕ್ಕೆ. ಅದಕ್ಕೆ ಯಾರ ಗದ್ದೆಯೂ ಮುಳುಗಬೇಕಿಲ್ಲ. ಒಂದು ಕಿಲೋವಾಟ್ ಘಟಕ ಒಳ್ಳೆಯ ಬಿಸಿಲಿನ ದಿನ ಸುಮಾರು 4 ಯೂನಿಟ್ ಕೊಡುತ್ತದೆ. ಮಿಕ್ಕಿದ್ದು ಅದೇ ತಂತಿಯ ಮೂಲಕ ಜಾಲಕ್ಕೆ ಮರಳುತ್ತದೆ. 2024ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಸೂರ್ಯಘರ್ ಯೋಜನೆ ಇದಕ್ಕೆ 78,000 ರೂಪಾಯಿಯವರೆಗೆ ಸಹಾಯಧನವನ್ನು ಗೊತ್ತುಪಡಿಸಿತು. ಹಾಗಿದ್ದೂ ಯಜಮಾನಿಕೆ ಪೂರ್ಣವಾಗಿ ಮರಳಿಲ್ಲ. ಬ್ಯಾಟರಿಯಿಲ್ಲದೆ ಜಾಲಕ್ಕೆ ಜೋಡಿಸಿದ ಘಟಕ, ಜಾಲದಲ್ಲಿ ವಿದ್ಯುತ್ ನಿಂತೊಡನೆ ಲೈನ್‌ಮನ್‌ನ ಸುರಕ್ಷತೆಗಾಗಿ ತಾನೂ ನಿಲ್ಲುತ್ತದೆ. ಮಾಳಿಗೆಯ ಮೇಲೆ ಬಿಸಿಲಿದ್ದರೂ ಒಳಗಿನವರು ‘ಕರೆಂಟು ಹೋಯಿತು’ ಎಂದೇ ಹೇಳಬೇಕಾಗುತ್ತದೆ. ಅಲ್ಲದೆ ಸ್ವಂತ ಮಾಳಿಗೆಯೇ ಇಲ್ಲದ ಬಾಡಿಗೆಯವರಿಗೆ, ಗುಡಿಸಲಿನವರಿಗೆ ಈ ಬೆಳಕು ಇನ್ನೂ ದೂರವೇ.

ಒಟ್ಟಿನಲ್ಲಿ, ಮನೆಬೆಳಕಿನ ಚರಿತ್ರೆಯನ್ನು ಕತ್ತಲೆಯಿಂದ ಬೆಳಕಿಗೆ ಸಾಗಿದ ನೇರದಾರಿಯೆಂದು ಬರೆಯುವುದು ಅಪೂರ್ಣ. ಬೆಳಕು ಎಲ್ಲಿಂದ ಬರುತ್ತದೆ, ಅದಕ್ಕಾಗಿ ಏನನ್ನು ಕೊಟ್ಟವರು ಯಾರು ಎಂಬ ಅರಿವು ಹಣತೆಯ ಕಾಲದ ಮನೆಗೆ ಸಹಜವಾಗಿತ್ತು. ತಂತಿಯ ಕಾಲದಲ್ಲಿ ಅದು ಅಳಿಯಿತು. ಮುಳುಗಡೆಯ ನೆಲವನ್ನು ಕಂಡಿದ್ದ ತಲೆಮಾರು ಇಂದು ಇಳಿವಯಸ್ಸಿನಲ್ಲಿದೆ. ಅವರ ಊರು, ಗದ್ದೆಗಳ ಹೆಸರುಗಳನ್ನೂ, ಹಾಡು, ನೆನಪುಗಳನ್ನೂ ಅಂಟಿಗೆ-ಪಂಟಿಗೆಯ ಪದಗಳೊಡನೆ ದಾಖಲಿಸುವ ಕೆಲಸ ವಿಳಂಬವಿಲ್ಲದೆ ಆಗಬೇಕಾಗಿದೆ. ಅಣೆಕಟ್ಟಿನ ಚರಿತ್ರೆಗೆ ಕಡತಗಳಿವೆ; ಬೆಳಕಿಗಾಗಿ ನೆಲೆ ಬಿಟ್ಟವರ ಚರಿತ್ರೆಗೆ ಉಳಿದಿರುವುದು ಬಹುಪಾಲು ಅವರ ಮಾತು ಮಾತ್ರ.