ರೋಗಿಯ ಮಾತಿನ ಪ್ರಾಮಾಣ್ಯ: ಬಳ್ಳಿಗಾವಿಯಿಂದ ಕ್ಯಾಸನೂರಿನವರೆಗೆ

ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯ ಕೋಡಿಯ ಮಠವನ್ನು ವರ್ಣಿಸುವ ಕ್ರಿ.ಶ. 1162ರ ಶಾಸನವು, ಆ ಮಠವು ವಿದ್ಯಾಸ್ಥಾನವಾಗಿದ್ದಂತೆಯೇ ದೀನರಿಗೂ ಕುಂಟರಿಗೂ ಕುರುಡರಿಗೂ ಅನ್ನವೀಯುವ ಸ್ಥಳವೂ ಅನಾಥ ರೋಗಿಗಳಿಗೆ ಔಷಧೋಪಚಾರ ದೊರೆಯುವ ತಾಣವೂ ಆಗಿದ್ದಿತೆಂದು ತಿಳಿಸುತ್ತದೆ. ಬಿ. ಎಲ್. ರೈಸರು 1902ರಲ್ಲಿ ಎಪಿಗ್ರಾಫಿಯ ಕರ್ನಾಟಿಕದ ಏಳನೆಯ ಸಂಪುಟದಲ್ಲಿ ಇದನ್ನು ಇಂಗ್ಲಿಷ್ ಅನುವಾದದೊಡನೆ ಪ್ರಕಟಿಸಿದರು. ಈ ಶಾಸನದಲ್ಲಿ ರೋಗಿಯಿದ್ದಾನೆ, ರೋಗಿಯ ಮಾತಿಲ್ಲ. ಅವನಿಗೆ ಎಲ್ಲಿ ನೋಯುತ್ತಿದ್ದಿತು, ನೋವು ಶಮನವಾದ ಮೇಲೆ ಅವನ ಬಾಳು ಹೇಗೆ ಸಾಗಿತು ಎಂದು ವಿಚಾರಿಸುವುದು ದಾನಶಾಸನದ ಕೆಲಸವೂ ಅಲ್ಲ.

ನೆರೆಯ ಸೊರಬ ತಾಲ್ಲೂಕಿನಲ್ಲಿ 1957ರಲ್ಲಿ ಸ್ಥಿತಿ ಬೇರೆಯಾಗಿದ್ದಿತು. ಕ್ಯಾಸನೂರು ಕಾಡಿನ ಸುತ್ತಣ ಹಳ್ಳಿಗರು, ಕಾಡಿನಲ್ಲಿ ಮಂಗಗಳು ಸಾಯುವುದಕ್ಕೂ ತಮಗೆ ಜ್ವರ ಬರುವುದಕ್ಕೂ ಸಂಬಂಧ ಕಲ್ಪಿಸಿ, ರೋಗವನ್ನು ‘ಮಂಗನ ಕಾಯಿಲೆ’ ಎಂದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಆ ವರ್ಷವೇ ವೈರಾಣುವನ್ನು ಬೇರ್ಪಡಿಸಿದರು. ಅದನ್ನು ಹರಡುವುದು ಉಣುಗು ಎಂಬುದೂ ಸಿದ್ಧವಾಯಿತು. ಮಂಗವು ರೋಗದ ಮೂಲವಲ್ಲ, ರೋಗಕ್ಕೆ ತುತ್ತಾದ ಪ್ರಾಣಿ. ಆದರೂ ಹಳ್ಳಿಗರ ಹೆಸರು ಪ್ರಯೋಗಾಲಯಕ್ಕೆ ದಾರಿ ತೋರಿದ ಸಾಕ್ಷ್ಯವೆಂಬುದನ್ನು ಮರೆಯಲಾಗದು.

ಇಂದು ರೋಗಿಯ ಮಾತನ್ನು ದಾಖಲಿಸಲು ಅಚ್ಚಾದ ಪ್ರಶ್ನಾವಳಿಗಳಿವೆ. ಜೀವನದ ಗುಣಮಟ್ಟವನ್ನು ಅಳೆಯಲು ವಿಶ್ವ ಆರೋಗ್ಯ ಸಂಸ್ಥೆಯು 1990ರ ದಶಕದಲ್ಲಿ ರೂಪಿಸಿದ ಸಂಕ್ಷಿಪ್ತ ಪ್ರಶ್ನಾವಳಿಯಲ್ಲಿ 26 ಪ್ರಶ್ನೆಗಳಿದ್ದು, ಹಿಂದಿನ ಎರಡು ವಾರಗಳ ಅನುಭವವನ್ನು ಕೇಳಲಾಗುತ್ತದೆ. ಇಂಥವನ್ನು ಕನ್ನಡಿಸಿದ ಮೇಲೆ, ಮೂಲವನ್ನು ಕಾಣದ ಇನ್ನೊಬ್ಬರಿಂದ ಮರಳಿ ಇಂಗ್ಲಿಷಿಗೆ ತಂದು ಹೋಲಿಸುವುದು ವಾಡಿಕೆ. ಈ ಪರೀಕ್ಷೆ ಅವಶ್ಯಕವೇ ಸರಿ. ಆದರೆ ಅದೊಂದೇ ಸಾಲದೆಂಬುದು ನಮ್ಮ ಅಭಿಪ್ರಾಯ. ಉದರದ ಉರಿಯನ್ನು ಕುರಿತ ಪ್ರಶ್ನೆಯನ್ನು ‘ನಿಮಗೆ ಹೊಟ್ಟೆಯುರಿ ಇದೆಯೇ?’ ಎಂದು ಅನುವಾದಿಸಿದೆವೆನ್ನೋಣ. ಮರಳಿ ಇಂಗ್ಲಿಷಿಗೆ ಹೋದಾಗ ಅದು ಉದರದ ಉರಿಯಾಗಿಯೇ ಹೋಗಬಹುದು. ಜಗಲಿಯ ಮೇಲೆ ನೆರೆಹೊರೆಯವರ ನಡುವೆ ಕುಳಿತ ಗೃಹಿಣಿಗಾದರೋ ಅದು ಮತ್ಸರವನ್ನು ಕುರಿತ ಆರೋಪ! ಪ್ರಶ್ನೆಯು ಕೇಳುವವನ ಕಿವಿಗೆ ಏನಾಗಿ ತಲುಪಿತೆಂಬುದನ್ನು ಅವನ ಬಾಯಿಂದಲೇ ತಿಳಿಯಬೇಕು.

ಅಂಕಗಣಿತವೂ ಇಲ್ಲಿ ಕೈಕೊಡಬಹುದು. 1951ರಲ್ಲಿ ಲೀ ಕ್ರಾನ್‌ಬಾಕ್ ನಿರೂಪಿಸಿದ ಆಲ್ಫಾ ಎಂಬ ಮಾನವು ಪ್ರಶ್ನೆಗಳ ಪರಸ್ಪರ ಹೊಂದಿಕೆಯನ್ನು ತೋರಿಸುತ್ತದೆ. ಅಳೆಯಬೇಕಾದುದನ್ನೇ ಅಳೆದೆವೆಂದು ಸಾಧಿಸುವುದಿಲ್ಲ. ತಾಳೆಗರಿಯ ಹತ್ತು ಪ್ರತಿಗಳು ಒಂದೇ ಪಾಠವನ್ನು ಕೊಟ್ಟರೂ, ಹತ್ತೂ ಒಂದೇ ತಪ್ಪು ಪ್ರತಿಯಿಂದ ಇಳಿದಿದ್ದರೆ ಆ ಏಕವಾಕ್ಯತೆಗೆ ಬೆಲೆಯೇನು? ಗ್ರಂಥಸಂಪಾದನೆ ಮಾಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಕನ್ನಡನಾಡಿನಲ್ಲಿ ಈ ಎಚ್ಚರ ಹೊಸದಲ್ಲ. ಕರಾವಳಿಯ ಕೋಟದಲ್ಲಿ ಮಾನಸಿಕ ಅಸ್ವಾಸ್ಥ್ಯದ ಅಧ್ಯಯನ ಕೈಗೊಂಡ ಆರ್. ಎಲ್. ಕಪೂರ್ ಮತ್ತು ಜಿ. ಎಂ. ಕಾರ್‌ಸ್ಟೇರ್ಸರು ಪಾಶ್ಚಾತ್ಯ ಪ್ರಶ್ನಾವಳಿಯನ್ನು ಹಾಗೆಯೇ ಎತ್ತಿಕೊಳ್ಳದೆ, ಮಾಳವಿಕಾ ಕಪೂರರೊಡನೆ ಭಾರತೀಯ ಸನ್ನಿವೇಶಕ್ಕೊಪ್ಪುವ ಪ್ರತ್ಯೇಕ ಸಾಧನವನ್ನು ಸಿದ್ಧಪಡಿಸಿ 1974ರಲ್ಲಿ ಪ್ರಕಟಿಸಿದರು. ಅವರ ಕೋಟದ ಗ್ರಂಥ 1976ರಲ್ಲಿ ಹೊರಬಂದಿತು.

ಸೊರಬದ ಸೀಮೆಗೆ ಮರಳೋಣ. ಮಂಗನ ಕಾಯಿಲೆಯ ಜ್ವರ, ತಲೆನೋವು, ಮಾಂಸಖಂಡಗಳ ತೀವ್ರ ನೋವುಗಳನ್ನು ವೈದ್ಯನು ಗುರುತಿಸಬಲ್ಲನು. ಜ್ವರವಿಳಿದ ಮೇಲೆ ವಾರಗಟ್ಟಲೆ ಉಳಿಯುವ ನಿಶ್ಶಕ್ತಿಯನ್ನು ರೋಗಿಯೇ ಹೇಳಬೇಕು. ಕನ್ನಡದಲ್ಲಿ ದಣಿವು ದುಡಿಮೆಯಿಂದ ಬರುವುದು, ವಿಶ್ರಾಂತಿಯಿಂದ ಹೋಗುವುದು. ನಿತ್ರಾಣವು ದುಡಿಯದವನನ್ನೂ ಬಿಡದು. ಇಂಗ್ಲಿಷಿನ ಒಂದೇ ಪದ ಎರಡನ್ನೂ ಒಳಗೊಳ್ಳುತ್ತದೆ. ಅಡಕೆಯ ಕೊಯ್ಲಿನ ಕಾಲದಲ್ಲಿ ಮನೆಯಲ್ಲೇ ಮಲಗಿರುವ ಕೂಲಿಯಾಳನ್ನು ‘ದಣಿವಾಗುತ್ತದೆಯೇ?’ ಎಂದು ಕೇಳಿದರೆ, ಕೆಲಸಕ್ಕೇ ಹೋಗದವನಿಗೆ ದಣಿವೆಲ್ಲಿಯದೆಂದು ಅವನು ‘ಇಲ್ಲ’ ಎಂದಾನು. ಆ ‘ಇಲ್ಲ’ವು ಕೋಷ್ಟಕದಲ್ಲಿ ಆರೋಗ್ಯದ ಲೆಕ್ಕಕ್ಕೆ ಸೇರುತ್ತದೆ.