ಒಂದೇ ಸಲ ನೋಡಿದ ಸಿನಿಮಾ

ನನ್ನ ಕಪಾಟಿನಲ್ಲಿ 'ಬ್ಲ್ಯಾಕ್ ಫ್ರೈಡೇ' ಡಿವಿಡಿ ವರ್ಷಗಳಿಂದ ಕೂತಿದೆ. ಮುಂಬಯಿ ಬಗ್ಗೆ ಒಳ್ಳೆಯ ಸಿನಿಮಾ ಯಾವುದು ಅಂತ ಯಾರು ಕೇಳಿದರೂ ಅದರ ಹೆಸರನ್ನೇ ಹೇಳುತ್ತೇನೆ. ನೋಡಿದ್ದು ಮಾತ್ರ ಒಂದೇ ಸಲ.

ಎಸ್. ಹುಸೇನ್ ಜೈದಿಯವರ ಪುಸ್ತಕ ಆಧರಿಸಿ ಅನುರಾಗ್ ಕಶ್ಯಪ್ ತೆಗೆದ ಚಿತ್ರ 2004ರಲ್ಲೇ ಸಿದ್ಧವಾಗಿತ್ತು. ತೀರ್ಪಿಗೆ ಮೊದಲೇ ಬಂದರೆ ತಮಗೆ ತೊಂದರೆ ಎಂದು ಆರೋಪಿಗಳು ಕೋರ್ಟಿಗೆ ಹೋದರು; ತೆರೆಗೆ ಬಂದದ್ದು 2007ರ ಫೆಬ್ರವರಿ 9ಕ್ಕೆ. 1993ರ ಮಾರ್ಚ್ 12ರ ಬಾಂಬು, 257 ಸಾವು, ಆಮೇಲೆ ಲಾಕಪ್ಪಿನ ಹೊಡೆತ. ಕೊಳೆಗೇರಿಯ ಸಂದಿಗಳಲ್ಲಿ ಪೊಲೀಸರು ಒಬ್ಬನನ್ನು ಬೆನ್ನಟ್ಟುವ ದೃಶ್ಯವಂತೂ ಅದ್ಭುತ. ಇಬ್ಬರಿಗೂ ಏದುಸಿರು, ನಮಗೆ ನಗು.

ನನಗೆ ಕಷ್ಟವಾಗುವುದು ಹೊಡೆತವಲ್ಲ, ಕೊನೆಯ ಭಾಗ. ಅಲ್ಲಿ ಕಥೆ ಹಿಂದಕ್ಕೆ ಹೋಗಿ ಬಾಂಬಿಗೆ ಮುಂಚಿನ ಗಲಭೆ ಮುಟ್ಟುತ್ತದೆ. ಜೋಗೇಶ್ವರಿಯವರಿಗೆ ಅದೇ ಮೊದಲ ಅಧ್ಯಾಯ ಕಣ್ರೀ.

1993ರ ಜನವರಿ 8, ನಡುರಾತ್ರಿ ಹನ್ನೆರಡೂವರೆ ಸುಮಾರು. ಜೋಗೇಶ್ವರಿ ಪೂರ್ವದ ರಾಧಾಬಾಯಿ ಚಾಳಿನಲ್ಲಿ ಹಿಂದೂಗಳ ಮನೆಗಳಿಗೆ ಹೊರಗಿನಿಂದ ಚಿಲಕ ಹಾಕಿ ಬೆಂಕಿ ಇಟ್ಟರು. ಆರು ಜನ ಸುಟ್ಟುಹೋದರು, ಅವರಲ್ಲೊಬ್ಬಳು ಅಂಗವಿಕಲ ಹುಡುಗಿ. ಅದರ ಸುದ್ದಿ ಊರೆಲ್ಲ ಹರಡಿ, ಮುಸ್ಲಿಮರ ಮೇಲೆ ಸೇಡು ತೀರಿಸಿಕೊಳ್ಳಲು ನೆಪವಾಯಿತು. ನಾವಿದ್ದದ್ದು ರೈಲು ಹಳಿಯ ಪಶ್ಚಿಮಕ್ಕೆ. ರಾತ್ರಿ ಸೊಸೈಟಿ ಗೇಟಿನಲ್ಲಿ ಸರದಿ ಕಾವಲು. ಚಿಲಕದ ವಿಷಯ ಕೇಳಿದ ಮೇಲೆ ನನ್ನ ಹೆಂಡತಿ ನಮ್ಮ ಬಾಗಿಲಿನ ಹೊರಚಿಲಕವನ್ನೇ ಕೀಳಿಸಿದಳು.

ಎರಡೂ ತಿಂಗಳ ಗಲಭೆಗಳಲ್ಲಿ ಸತ್ತವರು 900. ವಿಚಾರಣೆ ನಡೆಸಿದ ನ್ಯಾಯಮೂರ್ತಿ ಬಿ.ಎನ್. ಶ್ರೀಕೃಷ್ಣ (ಹುಟ್ಟಿದ್ದು ನಮ್ಮ ಬೆಂಗಳೂರಿನಲ್ಲೇ) ರಾಧಾಬಾಯಿ ಚಾಳನ್ನೂ ಬರೆದರು, ಜನವರಿ 8ರಿಂದ ಮುಸ್ಲಿಮರ ಮೇಲಿನ ದಾಳಿಗಳಿಗೆ ಶಿವಸೇನೆ ಮುಂದಾಳಾಗಿತ್ತು ಎಂದೂ ಬರೆದರು. 1996ರಲ್ಲಿ ಸರ್ಕಾರ ಆಯೋಗವನ್ನು ಮುಚ್ಚಿ, ಮತ್ತೆ ತೆರೆದಾಗ ಬಾಂಬ್ ಸ್ಫೋಟವನ್ನೂ ಸೇರಿಸಿತು. 1998ರ ವರದಿ, ಸ್ಫೋಟವು ಅಯೋಧ್ಯೆ ಮತ್ತು ಮುಂಬಯಿಯ ಘಟನೆಗಳಿಗೆ ಪ್ರತಿಕ್ರಿಯೆ ಎಂದಿತು. ಚಿತ್ರದ ಕೊನೆಯ ಭಾಗವೂ ಅದನ್ನೇ ಹೇಳುತ್ತದೆ, ಯಾರನ್ನೂ ಖುಲಾಸೆ ಮಾಡದೆ. ಮೆಚ್ಚುವುದು ಅದಕ್ಕೇ.

ಲೆಕ್ಕ ಮಾತ್ರ ಸಮನಾಗಲಿಲ್ಲ. ಬಾಂಬ್ ಪ್ರಕರಣದಲ್ಲಿ ವಿಶೇಷ ಕೋರ್ಟು 100 ಜನರನ್ನು ತಪ್ಪಿತಸ್ಥರೆಂದಿತು. 2015ರಲ್ಲಿ ಗಲ್ಲೂ ಆಯಿತು. ಗಲಭೆಯಲ್ಲಿ ಕಾಣೆಯಾದ 168 ಜನರಲ್ಲಿ 108 ಮಂದಿಯ ವಾರಸುದಾರರನ್ನು ಹುಡುಕಿ ಪರಿಹಾರ ಕೊಡಿ ಎಂದು ಸುಪ್ರೀಂ ಕೋರ್ಟು ಹೇಳಿದ್ದು 2022ರ ನವೆಂಬರಿನಲ್ಲಿ!

ಮೊನ್ನೆ ಮಗ ಡಿವಿಡಿ ಕೇಳಿದ, ಗಲಭೆಯ ವರ್ಷ ಅವನಿನ್ನೂ ತೊಟ್ಟಿಲಲ್ಲಿದ್ದ. ಕೊಟ್ಟೆ. ಕೊನೆಯ ಭಾಗ ಮೊದಲು ನೋಡು ಅಂದೆ.